ಅಮ್ಮನಿಗೊಂದು ಕೆರೆ ಮೀನು

ಗಾಳ ಹಾಕಿ ಕೂತವರಿಗೆ ಮೀನು ಸಿಗುತ್ತದೆ ಅಂತ ಜನ ತಿಳಿದಿದ್ದಾರೆ. ನನ್ನ ಅನುಭವ ಬೇರೆ. ನನಗೆ ಮೀನೊಂದು ಬಿಟ್ಟು ಮಿಕ್ಕಿದ್ದೆಲ್ಲ ಸಿಕ್ಕಿದೆ. ಅದೂ ಒಂದೇ ಚಳಿಗಾಲದಲ್ಲಿ, ಭಾನುವಾರ ಭಾನುವಾರ ತಪ್ಪದೆ.

ಬಂಗಾರಪೇಟೆಯಿಂದ ಕಾಮಸಮುದ್ರಕ್ಕೆ ಹೋಗುವ ದಾರಿಯ ಒಂದು ಹಳ್ಳಿಯಲ್ಲಿ ನಾನು ಹಾಲಿನ ಡೈರಿ ಸೆಕ್ರೆಟರಿ. ಊರವರು ತರುವ ಹಾಲನ್ನು ಅಳೆಯುವುದು, ಅದರಲ್ಲಿ ನೀರೆಷ್ಟಿದೆ ಅಂತ ನೋಡುವುದು, ಹೇಳಿ ಬೈಸಿಕೊಳ್ಳುವುದು, ಇಷ್ಟು ನನ್ನ ಕೆಲಸ. ಗಾಳಕ್ಕೂ ನನಗೂ ಸಂಬಂಧವೇ ಇರಲಿಲ್ಲ. ಸಂಬಂಧ ಕಟ್ಟಿದ್ದು ಅಮ್ಮ.

ಆ ವರ್ಷ ಮಳೆಗಾಲದ ಕೊನೆಯಲ್ಲಿ ಅಮ್ಮನಿಗೆ ಜ್ವರ ಬಂದು ಬಿಟ್ಟಿತು. ಜ್ವರ ಹೋಯಿತು, ಅದರ ಜೊತೆ ಬಾಯಿರುಚಿಯೂ ಹೋಯಿತು. ಎರಡು ತುತ್ತು ಮುದ್ದೆ ನುಂಗಿ ತಟ್ಟೆ ತಳ್ಳುತ್ತಿದ್ದಳು. ಡಾಕ್ಟರು, "ಔಷಧಿ ಏನೂ ಬೇಡ, ಅವರು ಕೇಳಿದ್ದು ಮಾಡಿ ಕೊಡಿ, ತಿಂದರೆ ಸಾಕು" ಅಂದರು. ಏನು ಬೇಕಮ್ಮ ಅಂತ ಕೇಳಿದರೆ ಒಂದೇ ಉತ್ತರ. "ನಿಮ್ಮಪ್ಪ ಚಳಿಗಾಲದಾಗೆ ಕೆರೆಯಿಂದ ಇಡ್ಕಂಡು ಬತ್ತಿದ್ನಲ್ಲ, ಕೊರಮೀನು, ಅದರ ಸಾರು."

ಅಪ್ಪ ಹೋಗಿ ಹನ್ನೊಂದು ವರ್ಷ. ಕೆರೆ ಅದಕ್ಕೂ ಮುಂಚೆಯೇ ಹೋಗಿತ್ತು. ನೀರಿಲ್ಲದೆ ಒಣಗಿ, ಊರ ಹುಡುಗರ ಕ್ರಿಕೆಟ್ ಮೈದಾನವಾಗಿ, ಮದುವೆ ಶಾಮಿಯಾನದ ಜಾಗವಾಗಿ, ಸ್ಕೂಟರ್ ಕಲಿಯುವವರ ಶಾಲೆಯಾಗಿ, ಅದು ಕೆರೆ ಎನ್ನುವುದೇ ನಮಗೆ ಮರೆತಿತ್ತು. ಆ ವರ್ಷ ಬಿದ್ದ ಮಳೆಗೆ ಏನಾಯಿತೋ, ಕೆರೆ ತುಂಬಿ ಕೋಡಿ ಹರಿಯಿತು. ಮೇಲಿನ ಕೆರೆಗಳಿಂದ ಮೀನೂ ಬಂತು.

ಮೊದಲು ನಾನು ಸುಲಭದ ದಾರಿ ಹಿಡಿದೆ. ಬಂಗಾರಪೇಟೆ ಮಾರ್ಕೆಟ್ಟಿಗೆ ಹೋಗಿ ಒಳ್ಳೆಯ ಕೊರಮೀನು ಕೊಂಡು ತಂದೆ. ನಮ್ಮನೆಯವಳು ಹುಣಸೆಹಣ್ಣು ಹಿಂಡಿ ಸಾರು ಮಾಡಿದಳು. ಅಮ್ಮ ತಟ್ಟೆ ನೋಡಿ, "ಎಲ್ಲಿ ತಂದ್ಯಲಾ?" ಅಂದಳು. "ಮಾರ್ಕೆಟ್ಟಲ್ಲಮ್ಮ" ಅಂದೆ. ಒಂದು ತುತ್ತು ಬಾಯಿಗಿಟ್ಟು, "ಇದಲ್ಲ" ಅಂತ ಕೈ ತೊಳೆದುಬಿಟ್ಟಳು. ಆ ಕೈ ಎಷ್ಟು ಸಣ್ಣಗಾಗಿದೆ ಅಂತ ನಾನು ಅವತ್ತೇ ನೋಡಿದ್ದು. ಮರುದಿನವೇ ಅಟ್ಟದ ಮೇಲಿದ್ದ ಅಪ್ಪನ ಗಾಳದ ಕೋಲು ಇಳಿಸಿದೆ.

ಮೊದಲನೇ ಬೇಟೆ

ನನಗೆ ಗುರು ಸಿಕ್ಕಿದ್ದು ಕೆರೆ ಏರಿಯ ಮೇಲೆ. ಚಿನ್ನದ ಗಣಿಯಲ್ಲಿ ಮೇಸ್ತ್ರಿಯಾಗಿದ್ದವರು. ಗಣಿ ಮುಚ್ಚಿದ ಮೇಲೂ ಎಲ್ಲರೂ ಅವರನ್ನು ಮೇಸ್ತ್ರಿ ಅಂತಲೇ ಕರೆಯುತ್ತಿದ್ದರು. ಭಾನುವಾರ ಬೆಳಿಗ್ಗೆ ರಾಬರ್ಟ್‌ಸನ್‌ಪೇಟೆಯಿಂದ ಮೊಪೆಡ್ಡಿನಲ್ಲಿ, ಮಂಕಿ ಕ್ಯಾಪು ಹಾಕಿಕೊಂಡು, ಕೆರೆ ಕೆರೆ ಸುತ್ತುವವರು. ನನ್ನ ಗಾಳ ನೋಡಿ, "ಏನ್ ತಂಬಿ, ಇದರಲ್ಲಿ ಮೀನ್ ಇಡೀತೀಯಾ, ಬಟ್ಟೆ ಒಣಾಕ್ತೀಯಾ?" ಅಂದರು. ಆಮೇಲೆ ತಾವೇ ಕೂತು ಹೊಸ ನೈಲಾನ್ ದಾರ ಕಟ್ಟಿ, ಬೆಂಡು ಸಿಕ್ಕಿಸಿ, ಎರೆಹುಳು ಪೋಣಿಸುವುದು ಹೇಳಿಕೊಟ್ಟರು.

ಕೆರೆಯ ಮೀನಿನ ಗುತ್ತಿಗೆ ಹಿಡಿದಿದ್ದವನನ್ನೂ ಒಂದು ಮಾತು ಕೇಳಿದ್ದೆ. ಅವನು ನಮ್ಮಿಬ್ಬರನ್ನೂ ಮೇಲಿಂದ ಕೆಳಗೆ ನೋಡಿ, "ಗಾಳ ತಾನೇ, ಆಕ್ಕಳಿ ಆಕ್ಕಳಿ. ನೀವು ಇಡಿಯೋದ್ರಿಂದ ನಂಗೇನೂ ನಷ್ಟ ಆಗಲ್ಲ" ಅಂದಿದ್ದ.

ಮಂಜು ಕವಿದಿತ್ತು. ಬಾಯಿ ತೆಗೆದರೆ ಹೊಗೆ. ಎರಡು ಗಂಟೆ ಕೂತ ಮೇಲೆ ಬೆಂಡು ಗುಳುಂ ಅಂತ ಮುಳುಗಿತು. ಎಳೆದರೆ ಬರುವುದಿಲ್ಲ. ಕೋಲು ಬಿಲ್ಲಾಯಿತು. "ಬಿಡಬೇಡ ತಂಬಿ! ದೊಡ್ಡದು ಅದು, ಪೆದ್ದದು!" ಅಂತ ಮೇಸ್ತ್ರಿ ತಮಿಳು, ತೆಲುಗು, ಕನ್ನಡ ಎಲ್ಲ ಕಲಸಿ ಕೂಗಿದರು. ದನ ಮೇಯಿಸುವವರು, ಚೊಂಬು ಹಿಡಿದು ಬಂದವರು, ಎಲ್ಲ ಕೆಲಸ ಬಿಟ್ಟು ದಡಕ್ಕೆ ಬಂದರು. ದನದವನೊಬ್ಬ ನನ್ನ ಸೊಂಟ ಹಿಡಿದು ಎಳೆದ. ನೀರಿಂದ ಮೊದಲು ಒಂದು ಕಾಲು ಕಾಣಿಸಿತು. ಆಮೇಲೆ ಇನ್ನೊಂದು. "ಮೊಸಳೆ ಕಣ್ರಲಾ!" ಅಂತ ಅವನು ಸೊಂಟ ಬಿಟ್ಟು ಓಡಿದ.

ಬಂದದ್ದು ನಾಲ್ಕು ಕಾಲಿನ ಕೆಂಪು ಪ್ಲಾಸ್ಟಿಕ್ ಕುರ್ಚಿ.

ಕ್ರಿಕೆಟ್ ಕಾಲದ್ದು. ಗುಂಪಿನಲ್ಲಿದ್ದ ನಮ್ಮೂರ ಟೀಮಿನ ಹಳೇ ಕ್ಯಾಪ್ಟನ್, ಈಗ ಎರಡು ಮಕ್ಕಳ ತಂದೆ, ಮುಂದೆ ಬಂದು ಕುರ್ಚಿಯ ಕೈಮೇಲಿದ್ದ ಬೀಡಿ ಸುಟ್ಟ ಕಲೆ ನೋಡಿದ. "ಅಂಪೈರ್ ಕುರ್ಚಿ ಇದು. ಇದರ ಮೇಲೆ ಕೂತ್ಕಂಡೇ ನೀನು ನನ್ನ ರನ್ ಔಟ್ ಕೊಟ್ಟಿದ್ದು" ಅಂದ. ನಿಜ, ಅವತ್ತಿನ ಅಂಪೈರ್ ನಾನೇ. "ಔಟೇ ಆಗಿದ್ದೆ ಕಣಪ್ಪ" ಅಂದೆ. "ಬ್ಯಾಟ್ ಒಳಗಿತ್ತು!" ಅಂತ ಅವನು ದಡದಲ್ಲಿ ಗೆರೆ ಎಳೆದು, ಗಾಳದ ಕೋಲನ್ನೇ ಬ್ಯಾಟು ಮಾಡಿ, ಓಡಿ ತೋರಿಸಿದ. ಅವತ್ತು ಆಡಿದ್ದವರು ಆರು ಜನ ಅಲ್ಲೇ ಇದ್ದರು. ಮೂರು ಜನ ಔಟ್ ಅಂದರು, ಮೂರು ಜನ ಅಲ್ಲ ಅಂದರು. ಬಿಸಿಲು ನೆತ್ತಿಗೆ ಬಂದರೂ ತೀರ್ಮಾನ ಆಗಲಿಲ್ಲ. ಎಲ್ಲರಿಗೂ ತಲೆ ನರೆತಿದೆ, ಆದರೂ ಅವತ್ತಿನ ಸಂಜೆಯ ಬಿಸಿಲು ಯಾವ ಕಡೆಯಿಂದ ಬೀಳುತ್ತಿತ್ತು ಅನ್ನುವುದು ಒಬ್ಬೊಬ್ಬರಿಗೂ ನೆನಪಿದೆ. ನನಗೇಕೋ ಆ ಜಗಳ ಮುಗಿಯುವುದೇ ಬೇಡ ಅನ್ನಿಸಿತ್ತು.

ಕೊನೆಗೆ ಕುರ್ಚಿ ಹೊತ್ತು ಮನೆಗೆ ಬಂದೆ. ಅಮ್ಮ ನನ್ನನ್ನೂ ಕುರ್ಚಿಯನ್ನೂ ನೋಡಿ ಹೇಳಿದಳು. "ಓಗ್ಲಿ ಬಿಡು. ಮೀನಿಲ್ದಿದ್ರೂ ಮೀನು ಬರೋಗಂಟ ಕಾಯಕ್ಕೆ ಕುರ್ಚಿ ತಂದ್ಯಲ್ಲ."

ಹಾಲಿಗೆ ಬಂದ ಮೀನು

"ಕೊರಮೀನಿಗೆ ಎರೆಹುಳು ಸಾಲದು ತಂಬಿ. ಜೀವ ಇರೋ ಸಣ್ಣ ಮೀನು ಸಿಕ್ಕಿಸಬೇಕು" ಅಂದರು ಮೇಸ್ತ್ರಿ. ಸರಿ, ಶನಿವಾರ ಸಂಜೆ ಕಾಲುವೆಯಲ್ಲಿ ಟವೆಲ್ ಒಡ್ಡಿ ಬೆರಳುದ್ದದ ಏಳೆಂಟು ಮರಿ ಹಿಡಿದೆ. ಭಾನುವಾರ ಡೈರಿ ಮುಗಿಸಿ ನೇರ ಕೆರೆಗೆ ಹೋಗೋಣವೆಂದು ಬಕೆಟ್ಟನ್ನು ಡೈರಿಗೇ ತಂದು, ತಕ್ಕಡಿಯ ಪಕ್ಕ ಇಟ್ಟೆ.

ಬೆಳಿಗ್ಗೆ ಕರೆಂಟಿಲ್ಲ. ಮಂಜಿಗೆ ಎದುರಿಗಿದ್ದವರ ಮುಖವೂ ಸರಿಯಾಗಿ ಕಾಣುತ್ತಿರಲಿಲ್ಲ. ಸಾಲಿನಲ್ಲಿ ನಿಂತವರಲ್ಲಿ ಒಬ್ಬ ಅಜ್ಜಿ ಇದ್ದಳು. ನಾನು ಡೈರಿಗೆ ಸೇರಿದ ದಿನದಿಂದ ಹಾಲು ಹಾಕುವವಳು. ಅವಳ ಹಾಲು ಯಾವತ್ತೂ ಸ್ವಲ್ಪ ತೆಳು. ಆದರೆ ಕೇಳಿದರೆ ದೇವರ ಮೇಲೆ, ಹಸುವಿನ ಮೇಲೆ, ನನ್ನ ಮೇಲೆ ಆಣೆ ಇಟ್ಟುಬಿಡುತ್ತಿದ್ದಳು. ಅವಳು ಕ್ಯಾನು ಇಟ್ಟು ಮುಚ್ಚಳ ತೆಗೆದಳು. ಅದೇ ಹೊತ್ತಿಗೆ ನನ್ನ ಬಕೆಟ್ಟಿನಿಂದ ಒಂದು ಮರಿ ಚಂಗನೆ ನೆಗೆದು ಅವಳ ಕ್ಯಾನಿಗೆ ಬಿತ್ತು. ಅದನ್ನು ನೋಡಿದವನು ನಾನೊಬ್ಬನೇ.

ಅವಳ ಹಿಂದಿದ್ದವನು ಕ್ಯಾನಿಗೆ ಬಗ್ಗಿ ನೋಡಿ ಕಿರುಚಿದ. "ಅಯ್ಯಯ್ಯೋ, ಅಜ್ಜಿ ಆಲಲ್ಲಿ ಮೀನು ಈಜ್ತೈತೆ!"

ಸಾಲು ಮುರಿಯಿತು. ಎಲ್ಲರೂ ಕ್ಯಾನಿನ ಸುತ್ತ ಸೇರಿದರು. ಬಿಳೀ ಹಾಲಿನಲ್ಲಿ ಮೀನು ಆರಾಮಾಗಿ ಒಂದು ಸುತ್ತು ಹಾಕಿತು. "ಕೆರೆ ನೀರು ಸುರಿದವ್ಳೆ!" ಅಂತ ಒಬ್ಬ. "ನಾವು ಕುಡಿಯೋದೂ ಇದೇ ಆಲು!" ಅಂತ ಇನ್ನೊಬ್ಬ. ಅಜ್ಜಿ ನಡುಗಿಹೋದಳು. ತಪ್ಪು ನನ್ನದು, ಹೇಳಿಬಿಡಬೇಕು ಅಂತ ನಾನು ಬಾಯಿ ತೆಗೆದೆ. ಅಷ್ಟರಲ್ಲಿ ಅಜ್ಜಿ ಎರಡೂ ಕೈ ಮುಗಿದು ಗಟ್ಟಿಯಾಗಿ ಕೂಗಿದಳು.

"ನನ್ನ ಮಕ್ಕಳಾಣೆಗೂ ಕೆರೆ ನೀರು ಆಕಿಲ್ಲ ಕಣ್ರಪ್ಪಾ! ನಾನು ಯಾವತ್ತೂ ಆಕೋದು ಬೋರ್‌ವೆಲ್ ನೀರೇ!"

ಆಮೆ

ಮುಂದಿನ ವಾರ ಸಿಕ್ಕಿದ್ದು ಆಮೆ. ಚಿಪ್ಪಿನ ಅಂಚು ಒಂದು ಕಡೆ ಒಡೆದಿತ್ತು. ಬಾಯಿಗೆ ಗಾಳ ಚುಚ್ಚಿರಲಿಲ್ಲ, ದಾರಕ್ಕೆ ಕಾಲು ಸುತ್ತಿಕೊಂಡಿತ್ತು ಅಷ್ಟೇ. ಬಟ್ಟೆ ಒಗೆಯುತ್ತಿದ್ದ ಹೆಂಗಸರು "ಒಳ್ಳೇದಾಗ್ತೈತೆ" ಅಂತ ಬೆನ್ನಿಗೆ ಅರಿಶಿನ ಹಚ್ಚಿ, ಕುಂಕುಮ ಇಟ್ಟು, ಬಾಯಿಗೆ ಬಾಳೆಹಣ್ಣು ಕೊಟ್ಟು ನೀರಿಗೆ ಬಿಟ್ಟರು. ಅದರ ಮುಂದಿನ ವಾರವೂ ಅದೇ ಆಮೆ, ಅದೇ ಒಡೆದ ಅಂಚು. ಮತ್ತೆ ಅರಿಶಿನ, ಮತ್ತೆ ಬಾಳೆಹಣ್ಣು.

ಮೂರನೇ ವಾರ ನಾನು ಇನ್ನೂ ಎರೆಹುಳು ಪೋಣಿಸುತ್ತಿದ್ದೆ. ಅದಾಗಲೇ ದಡಕ್ಕೆ ಬಂದು ಒಗೆಯುವ ಕಲ್ಲಿನ ಪಕ್ಕ ಕತ್ತು ಎತ್ತಿಕೊಂಡು ಕೂತಿತ್ತು.

ಸಾಮಿ

ಡಿಸೆಂಬರ್ ಹೊತ್ತಿಗೆ ಮೇಸ್ತ್ರಿ ಅಯ್ಯಪ್ಪನ ಮಾಲೆ ಹಾಕಿಕೊಂಡರು. ಕಪ್ಪು ಪಂಚೆ, ಕಪ್ಪು ಶರ್ಟು, ಹಣೆ ತುಂಬ ಗಂಧ, ಬರಿಗಾಲು, ದಿನಕ್ಕೆರಡು ಸಲ ತಣ್ಣೀರು ಸ್ನಾನ. ಮಾಲೆ ಹಾಕಿದವರು ಮಾಂಸ ಮೀನು ತಿನ್ನುವಂತಿಲ್ಲ, ಮುಟ್ಟುವಂತಿಲ್ಲ. ಎದುರಿಗೆ ಯಾರು ಬಂದರೂ ಸಾಮಿ ಅನ್ನಬೇಕು. ಹೆಂಡತಿಯೂ ಸಾಮಿ, ಬಸ್ಸಿನ ಕಂಡಕ್ಟರೂ ಸಾಮಿ, ಅಡ್ಡ ಬಂದ ನಾಯಿಯೂ ಸಾಮಿ.

ಅವರು ಇನ್ನು ಕೆರೆಗೆ ಬರುವುದಿಲ್ಲ ಅಂದುಕೊಂಡಿದ್ದೆ. ಭಾನುವಾರ ನೋಡಿದರೆ ನನಗಿಂತ ಮುಂಚೆ ಬಂದು ಚಕ್ಕಳಮಕ್ಕಳ ಹಾಕಿ ಕೂತಿದ್ದಾರೆ. "ನೋಡಕ್ಕೆ ದೋಷ ಇಲ್ಲ ಸಾಮಿ" ಅಂದರು. ಅವರ ಕಷ್ಟ ನನಗೆ ಅರ್ಥವಾಯಿತು. ಇಪ್ಪತ್ತೆಂಟು ವರ್ಷ ನೆಲದ ಕೆಳಗೆ ದುಡಿದವರು. ಗಣಿ ಇದ್ದಾಗ ಶಿಫ್ಟಿನ ಸೈರನ್ ಕೂಗಿದರೆ ಎದ್ದು ಹೊರಡುತ್ತಿದ್ದರಂತೆ. ಈಗ ಸೈರನ್ನೂ ಇಲ್ಲ, ಹೋಗಲು ಬೇರೆ ಜಾಗವೂ ಇಲ್ಲ. "ಮೇಲಿನ ಗಾಳಿ, ಬೆಳಕು ಎಷ್ಟು ನೋಡಿದ್ರೂ ಸಾಲದು ತಂಬಿ" ಅಂತ ಒಂದು ಸಲ ಹೇಳಿದ್ದರು.

ಅವತ್ತು ಬಿಸಿಲೇರಿದ ಮೇಲೆ ನನ್ನ ಬೆಂಡು ಒಂದೇ ಏಟಿಗೆ ಮಾಯವಾಯಿತು. "ಎಳೀ ಸಾಮಿ!" ಅಂತ ಮೇಸ್ತ್ರಿ ಕೂಗಿದರು. ನಾನು ಜೀವ ಬಿಟ್ಟು ಎಳೆದೆ. ಕೊರಮೀನು! ಕಪ್ಪಗೆ, ಮೊಳದುದ್ದ, ಅಮ್ಮ ಹೇಳುತ್ತಿದ್ದಂಥದೇ. ಎಳೆದ ರಭಸಕ್ಕೆ ಅದು ನನ್ನ ತಲೆಯ ಮೇಲೆ ಹಾರಿ, ಗಾಳ ಕಳಚಿ, ನೇರ ಹೋಗಿ ಬಿದ್ದದ್ದು ಮೇಸ್ತ್ರಿಯ ಮಡಿಲಿಗೆ.

ಅವರು ಎರಡೂ ಕೈ ಮೇಲಕ್ಕೆತ್ತಿದರು. ಮುಟ್ಟುವಂತಿಲ್ಲವಲ್ಲ. ಮಡಿಲಿನ ಪಂಚೆಯಲ್ಲಿ ಮೀನು ಪಟಪಟ ಬಡಿಯುತ್ತಿತ್ತು. "ಅಲ್ಲಾಡಬೇಡಿ, ಹಂಗೇ ಇರಿ, ನಾನು ಬಂದೆ" ಅಂತ ನಾನು ಓಡಿದೆ. ಅವರು ನನ್ನ ಮುಖ ನೋಡಿದರು, ಮೀನನ್ನು ನೋಡಿದರು. ಏನನ್ನಿಸಿತೋ, ಪಂಚೆಯ ಎರಡು ಅಂಚು ಹಿಡಿದು ಎದ್ದು ನಿಂತರು.

"ಕೊಡಿ ಮೇಸ್ತ್ರಿ, ನಮ್ಮಮ್ಮನಿಗೆ ಅದು!"

"ಶರಣು ಅಂತ ಮಡಿಲಿಗೆ ಬಂದೈತೆ ಸಾಮಿ. ಮಾಲೆ ಆಕ್ಕಂಡು ಎಂಗೆ ಕೊಡ್ಲಿ? ಬ್ಯಾಡ ಸಾಮಿ, ನನ್ನ ಕೇಳಬ್ಯಾಡ."

ಹಾಗೆನ್ನುತ್ತಲೇ ಅವರು ಆ ಕೊರೆಯುವ ನೀರಿಗೆ ಇಳಿದರು. ಮಂಡಿ, ಸೊಂಟ, ಎದೆ. ಎದೆಮಟ್ಟ ನೀರಿನಲ್ಲಿ ನಿಂತು ಪಂಚೆಯ ಅಂಚು ಬಿಟ್ಟರು. ಕಪ್ಪು ನೆರಳೊಂದು ಸರ್ರನೆ ಹೋಯಿತು. ಅವರು ಅದರ ಹಿಂದೆ, "ಓಗ್ಬಾ ಸಾಮಿ, ಓಗ್ಬಾ" ಅಂದದ್ದು ನನಗೆ ದಡಕ್ಕೆ ಕೇಳಿಸಿತು.

ನನಗೆ ಅಳು ಬರುವಂತಾಗಿತ್ತು. ಅವರು ಹಲ್ಲು ಕಟಕಟಿಸುತ್ತ ಮೇಲೆ ಬಂದರು. ನನ್ನ ಟವೆಲ್ ಕೊಟ್ಟೆ. ಬರೀ, "ಎಷ್ಟಿತ್ತು ಮೇಸ್ತ್ರಿ?" ಅಂತ ಕೇಳಿದೆ.

ಅವರು ಕೆರೆಯ ಕಡೆ ತಿರುಗಿ ನೋಡಿ, ಗೌರವದಿಂದ ಹೇಳಿದರು. "ಸಾಮಿ ಒಂದೂವರೆ ಕೇಜಿ ಇದ್ರು ಸಾಮಿ."

ಅಪ್ಪನ ಮೀನು

ಸಂಕ್ರಾಂತಿ ಕಳೆಯಿತು. ಅಮ್ಮ ಇನ್ನೂ ಸೊರಗಿದ್ದಳು. ಬಳೆ ಮೊಳಕೈಗೆ ಜಾರುತ್ತಿತ್ತು. ಭಾನುವಾರ ನಾನು ಬರಿಗೈಲಿ ಬಂದಾಗ ಏನೂ ಅನ್ನುತ್ತಿರಲಿಲ್ಲ, ಅದರಿಂದಲೇ ನನಗೆ ಹೆಚ್ಚು ನೋವಾಗುತ್ತಿತ್ತು.

ಮೇಸ್ತ್ರಿ ಶಬರಿಮಲೆಗೆ ಹೋಗಿ ಬಂದು ಮಾಲೆ ತೆಗೆದಿದ್ದರು. ನನ್ನ ಮೀನು ಬಿಟ್ಟ ಪಾಪಪ್ರಜ್ಞೆ ಅವರಿಗೂ ಇತ್ತು. ಒಂದು ಉಪಾಯ ಹೇಳಿದರು. "ತಂಬಿ, ಮಾರ್ಕೆಟ್ಟಲ್ಲಿ ಜೀವ ಇರೋ ಕೊರಮೀನು ತಗೋ. ಪ್ಯಾಂಟು ನೆನೆಸ್ಕೋ. ಗಾಳ ಇಡ್ಕಂಡು ಮನೆಗೆ ಓಗು. ಕೆರೇಲಿ ಸಿಕ್ತು ಅನ್ನು. ವಯಸ್ಸಾದ ತಾಯಿಗೆ ಏನ್ ಗೊತ್ತಾಗ್ತೈತೆ?"

ಅಮ್ಮನಿಗೆ ನಾನು ಸುಳ್ಳು ಹೇಳಿ ಅಭ್ಯಾಸವಿಲ್ಲ. ಹಾಗಂತ ಸುಮ್ಮನೆ ಕೂರುವ ಹಾಗೂ ಇರಲಿಲ್ಲ. ಗಾಳದ ಕೋಲು ಬೈಕಿಗೆ ಕಟ್ಟಿಕೊಂಡು ಬಂಗಾರಪೇಟೆಗೆ ಹೋದೆ. ಬಕೆಟ್ಟಿನಲ್ಲಿ ಈಜುತ್ತಿದ್ದ ಕೊರಮೀನು ಆರಿಸಿ ತಂದೆ. ಊರ ಹೊರಗಿನ ನಲ್ಲಿಯ ಹತ್ತಿರ ಬೈಕ್ ನಿಲ್ಲಿಸಿ, ಚಪ್ಪಲಿ ಕಳಚಿಟ್ಟು, ಪ್ಯಾಂಟಿಗೆ ಮಂಡಿವರೆಗೂ ನೀರು ಸುರಿದುಕೊಂಡೆ. ಮೀನಿನ ಬಾಯಿಗೆ ಗಾಳ ಸಿಕ್ಕಿಸಿ, ಕೋಲು ಹೆಗಲಿಗೇರಿಸಿ, ಊರೊಳಗೆ ನಡೆದುಕೊಂಡೇ ಬಂದೆ. ಎದುರು ಸಿಕ್ಕ ಮೀನಿನ ಗುತ್ತಿಗೆಯವನು ಬಾಯಿ ಬಿಟ್ಟುಕೊಂಡು ನಿಂತ.

"ಅಮ್ಮಾ, ಸಿಕ್ತು!" ಅಂದೆ.

ಅಮ್ಮ ಎದ್ದು ಕೂತಳು. ನನ್ನನ್ನು ಕಾಲಿಂದ ತಲೆವರೆಗೆ ನೋಡಿದಳು. "ಎಲ್ಲಿ ಸಿಕ್ತಲಾ?"

"ತೂಬಿನ ಹತ್ರ."

"ಎಂಗೆ ಇಡ್ದೆ, ಏಳು."

ಶುರು ಮಾಡಿದೆ. ಬೆಂಡು ಮುಳುಗಿದ್ದು, ಕೋಲು ಬಾಗಿದ್ದು, ಮೀನು ಜೊಂಡಿನೊಳಗೆ ನುಗ್ಗಿದ್ದು, ನಾನು ನೀರಿಗೆ ಹಾರಿದ್ದು. ಹೇಳುತ್ತ ಹೇಳುತ್ತ ನನಗೇ ನಿಜ ಅನ್ನಿಸತೊಡಗಿತು. ಅಮ್ಮ ಗಲ್ಲಕ್ಕೆ ಕೈಯಿಟ್ಟು ಕೇಳಿದಳು. ಸಾರಾಯಿತು. ಅಮ್ಮ ಒಂದು ಮುದ್ದೆ ಉಂಡಳು. ಸಾರು ಹಾಕಿಸಿಕೊಂಡಳು. ಇನ್ನೊಂದು ಅರ್ಧ ಮುದ್ದೆ ಕೇಳಿದಳು. ನಮ್ಮನೆಯವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನು ತಲೆ ತಗ್ಗಿಸಿ ಕೂತಿದ್ದೆ. ಅಮ್ಮ ಉಣ್ಣುವುದನ್ನು ನೋಡಿ ಖುಷಿಯೋ ಖುಷಿ, ಸುಳ್ಳಿಗೆ ಉಣ್ಣುತ್ತಿದ್ದಾಳಲ್ಲ ಅಂತ ಸಂಕಟವೋ ಸಂಕಟ.

ಅಮ್ಮ ಬೆರಳು ನೆಕ್ಕಿ, ಕೈ ತೊಳೆದು, ಎಲೆ ಅಡಿಕೆ ಬಾಯಿಗೆ ಹಾಕಿಕೊಂಡಳು. ಆಮೇಲೆ ಕೇಳಿದಳು.

"ಬಂಗಾರಪೇಟೆ ಮಾರ್ಕೆಟ್ಟಿಂದು ತಾನೇ?"

ನಾನು ಬಗ್ಗಿ ನನ್ನ ಪ್ಯಾಂಟು ನೋಡಿಕೊಂಡೆ.

"ಪ್ಯಾಂಟು ಮಂಡಿಗಂಟ ನೆಂದಿತ್ತು, ಚಪ್ಪಲಿ ಒಣಗಿತ್ತು. ಕೆರೆಗೆ ಆರಿದೋನ ಕಾಲಾಗೆ ಒಂದು ಚೂರು ಕೆಸರು ಬ್ಯಾಡ್ವೇನ್ಲಾ?"

"ತಪ್ಪಾಯ್ತಮ್ಮ" ಅಂದೆ. "ನೀನು ಮಾರ್ಕೆಟ್ ಮೀನು ತಿನ್ನಲ್ಲ ಅಂದೆ. ಅಪ್ಪ ತರ್ತಿದ್ದಂಥದೇ ಬೇಕು ಅಂದೆ. ನನಗೆ ಇನ್ನೇನು ಮಾಡಬೇಕು ಅಂತ ತೋಚಲಿಲ್ಲ."

ಅಮ್ಮ ನಕ್ಕಳು. ನಾಲ್ಕು ತಿಂಗಳಿಂದ ಕಾಣದ ನಗು. "ನಿಮ್ಮಪ್ಪ ತತ್ತಿದ್ದಂಥದೇ ತಂದಿದ್ದೀಯಲ್ಲೋ! ಅವನ ಗಾಳಕ್ಕೆ ಜಲ್ಮದಾಗೆ ಒಂದು ಮೀನು ಬಿದ್ದಿಲ್ಲ. ಮಧ್ಯಾನಗಂಟ ಕೆರೇಲಿ ಕೂರೋದು, ಆಮೇಲೆ ಸೈಕಲ್ ತುಳ್ಕಂಡು ಮಾರ್ಕೆಟ್ಟಿಗೆ ಓಗೋದು. ಮೀನಿನ ಮೈಗೆ ಕಟ್ಟಿಕೊಟ್ಟ ನ್ಯೂಸ್ ಪೇಪರ್ ಅಂಟ್ಕಂಡಿರೋದು, ನಾನು ಸುಮ್ಕೆ ಕಿತ್ತಾಕಿ ತೊಳೀತಿದ್ದೆ."

"ಮತ್ತೆ ನಾನು ಮೊದಲು ತಂದಾಗ ಯಾಕೆ ತಿನ್ನಲಿಲ್ಲ?"

"ನೀನು ಮಾರ್ಕೆಟ್ಟಲ್ಲಿ ತಂದೆ ಅಂತ ನೆಟ್ಟಗೆ ಏಳ್ಬಿಟ್ಟೆ. ಅದ್ರಾಗೇನೈತೆ ರುಚಿ? ಅವನು ಎದುರಿಗೆ ಕೂತ್ಕಂಡು ಇಡಿದ ಕತೆ ಏಳೋನು. ಅಂಗೆ ಎಳ್ದೆ, ಇಂಗೆ ಬಂತು ಅಂತ. ನಾನು ಊಂ ಅಂತಿದ್ದೆ, ಉಣ್ತಿದ್ದೆ. ಅವನು ಓದ್ಮೇಲೆ ನಂಗೆ ಅಷ್ಟು ಸುಳ್ಳು ಯಾರು ಏಳವ್ರೆ?"

ಅಮ್ಮನ ಕಣ್ಣು ತುಂಬಿತ್ತು. ನನ್ನದೂ.

"ಅಪ್ಪನಿಗೆ ನಿನಗೆ ಗೊತ್ತು ಅಂತ ಗೊತ್ತಿತ್ತಾ?" ಕೇಳಿದೆ.

"ಗೊತ್ತಾಗಿದ್ರೆ ಅಂಗೆ ಮಾಡ್ತಿದ್ನಾ?" ಅಂದಳು ಅಮ್ಮ, ಕಣ್ಣೊರೆಸಿಕೊಂಡು, ನಗು ತಡೆಯಲಾರದೆ. "ಒಂದು ಸಲ ಮಾರ್ಕೆಟ್ಟಾಗೆ ಕೊರಮೀನು ಇರ್ನಿಲ್ಲ. ಮದ್ರಾಸಿಂದ ರೈಲಲ್ಲಿ ಐಸ್ ಆಕ್ಕಂಡು ಬಂದಿದ್ದ ಸಮುದ್ರದ ಬಂಗುಡೆ ತಂದು, ಇಲ್ಲೇ ನಿಂತ್ಕಂಡು, ತೂಬಿನತ್ರ ಸಿಕ್ತು ಕಣೇ, ಬಲೇ ಜೋರು ಇತ್ತು, ಅಂದ. ನಾನು ಮುಟ್ಟಿ ನೋಡ್ದೆ, ಇನ್ನೂ ಐಸು ಕರಗಿರ್ನಿಲ್ಲ. 'ನೀರು ಅಷ್ಟು ತಣ್ಣಗಿತ್ತಾ?' ಅಂದೆ. 'ಚಳಿಗಾಲ ಅಲ್ವೇನೇ!' ಅಂದ."